ಎಲಚಿ ಕೊಂಬೆಗೊಂದು ಸೀಟು

2019ರ ಜುಲೈ 13, ಶನಿವಾರ, ಬೆಳಿಗ್ಗೆ ಆರೂಕಾಲು. ನೊಮಗುಗು ಬೆಟ್ಟದೂರಿನ ತವರುಮನೆಯ ಅಂಗಳದಲ್ಲಿ ಎಲೆಕೋಸು ಹೆಚ್ಚುತ್ತಿದ್ದಳು. ದೊಡ್ಡಪ್ಪ ವುಸುಮುಜಿ ತೀರಿಹೋದ ಹಿರಿಯರಿಗೆ ಮೀಸಲಾದ ಗುಡಿಸಲಿಗೆ ಬಗ್ಗಿ ನುಗ್ಗಿ, ಅಮ್ಮ ಮಾಸಿತೋಲೆಯ ಶವಪೆಟ್ಟಿಗೆಯ ಮೇಲಿದ್ದ ಎಲಚಿ ಕೊಂಬೆಯನ್ನು ಸರಿಮಾಡಿಟ್ಟರು.

ಎಲಚಿಯ ಮುಳ್ಳುಗಳು ಜೋಡಿ; ಒಂದು ನೇರ, ಇನ್ನೊಂದು ಹಿಂದಕ್ಕೆ ಬಾಗಿದ ಕೊಕ್ಕೆ. ಸತ್ತವರ ಜೀವ ಸತ್ತ ಜಾಗದಲ್ಲೇ ಕೂತಿರುತ್ತದೆ. ಆ ಜಾಗಕ್ಕೆ ಕೊಂಬೆ ಮುಟ್ಟಿಸಿ ಹೆಸರು ಹಿಡಿದು ಕರೆದರೆ, ಕೊಂಬೆ ಹತ್ತಿ ಮನೆಗೆ ಬರುತ್ತದೆ. ಇಲ್ಲದಿದ್ದರೆ ಮಣ್ಣಿಗಿಡುವುದು ಬರೀ ಮೈಯನ್ನು.

ಪಕ್ಕದ ಮನೆಯ ಮಾಕುಮಾಲೊ ಹಂಡೆ ತಿಕ್ಕುತ್ತ, ಅಮ್ಮನ ಕೊನೆಯ ಫೋನಿನ ಕತೆಯನ್ನು ಆಗಲೇ ಎರಡನೇ ಸಲ ಶುರುಮಾಡಿದ್ದಳು.

"ಮಗಳ ಮನೆ ಏಳನೇ ಮಹಡೀಲಿದೆ ಕಣೇ ಅಂದ್ಲು ಮಾಸಿತೋಲೆ. ಗುಂಡಿ ಒತ್ತಿದ್ರೆ ಸಾಕಂತೆ, ಲಿಫ್ಟು ತಾನೇ ಎತ್ಕೊಂಡು ಹೋಗುತ್ತಂತೆ. ಹಂಗಾದ್ರೆ ನಿನ್ ಮಂಡಿ ಇನ್ನು ಈ ಬೆಟ್ಟಕ್ಕೆ ವಾಪಸ್ ಬರಲ್ಲ ಅನ್ನುತ್ತೆ ಬಿಡು ಅಂದೆ ನಾನು."

ಹೆಂಗಸರು ಶಾಲಿನಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಈ ಬೆಟ್ಟದಲ್ಲಿ ಇನ್ಯಾರ ಮಗಳಿಗೆ ಲಿಫ್ಟಿದೆ ಎಂದು ಒಬ್ಬಳು ಕೇಳಿದಳು. ನೊಮಗುಗು ಇನ್ನೊಂದು ಎಲೆಕೋಸು ಎಳೆದುಕೊಂಡಳು.

*

ಹಿಂದಿನ ವಾರ ಅಮ್ಮ ಮಗಳಿದ್ದ ಜೋಹಾನ್ಸ್‌ಬರ್ಗಿಗೆ ಬಂದಿದ್ದಳು, ಅದೇ ಮೊದಲು. ಬಸ್ಸಿಳಿದ ಕೂಡಲೇ ನೊಮಗುಗು ಅವಳನ್ನು ಊರು ತೋರಿಸಲು ಹೊರಡಿಸಿದಳು. ನಿಲ್ದಾಣದ ದೊಡ್ಡ ಹಜಾರ, ಬಟ್ಟೆ ಅಂಗಡಿಗಳ ಸಾಲು, ಕತ್ತೆತ್ತಿದರೆ ಶಾಲು ಜಾರುವಷ್ಟು ಎತ್ತರದ ಕಟ್ಟಡ. ಉದ್ಯಾನದ ಬೆಂಚಿನ ಮೇಲೆ ಕೂತು ಇಬ್ಬರೂ ಬಿಸಿ ಬಿಸಿ ಕರಿದ ಹಿಟ್ಟಿನುಂಡೆ ತಿಂದರು. ಅಮ್ಮ ಚಪ್ಪಲಿ ಬಿಟ್ಟು ಮಂಡಿ ಉಜ್ಜಿಕೊಂಡಳು. ಇನ್ನೊಂದು ಬೀದಿ ಇದೆ ಎಂದಳು ನೊಮಗುಗು.

"ಬೀದಿ ಎಲ್ಲಿಗೂ ಓಡಿಹೋಗಲ್ಲ ಮಗಳೇ. ನಿನ್ ಮನೆ ತೋರ್ಸು."

ಮನೆಯ ಕಟ್ಟಡದಲ್ಲಿ ಲಿಫ್ಟಿನ ಬಾಗಿಲಿತ್ತು. ಬಾಗಿಲ ಹಿಂದೆ ಎರಡನೇ ಮಹಡಿಯವರೆಗೂ ಕಸ. ನೀರಿಗೆ ಕೆಳಗಿನ ಒಂದೇ ನಲ್ಲಿ. ಅಮ್ಮ ಕಸವನ್ನೂ ನೋಡಿದಳು, ಮಗಳ ಮುಖವನ್ನೂ ನೋಡಿದಳು. ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಕೋಣೆ ಸೇರಿ ಉಸಿರು ಹದಕ್ಕೆ ಬಂದ ಮೇಲೆ ಫೋನು ಕೇಳಿ ಇಸಿದುಕೊಂಡು, ಮಾಕುಮಾಲೊಗೆ ಲಿಫ್ಟಿನ ವರ್ಣನೆ ಕೊಟ್ಟಳು. ಫೋನಿಟ್ಟು ಹೇಳಿದಳು:

"ಊರಲ್ಲಿ ನಾನು ಹೇಳೋದು ಇದನ್ನೇ. ನೀನೂ ಇದನ್ನೇ ಹೇಳು."

ಸಂಜೆ ನೊಮಗುಗು ನೀರು ತರಲು ಕೆಳಗಿಳಿದಾಗ, ಬೇಡವೆಂದರೂ ಅಮ್ಮ ಇನ್ನೊಂದು ಕ್ಯಾನು ಹಿಡಿದು ಹಿಂದೆಯೇ ಬಂದಳು. ವಾಪಸ್ಸು ಹತ್ತುವಾಗ ನಾಲ್ಕನೇ ಮಹಡಿಯ ತಿರುವಿನಲ್ಲಿ ಕ್ಯಾನನ್ನು ಚೆಲ್ಲದಂತೆ ಕೆಳಗಿಟ್ಟು, ಮೆಟ್ಟಿಲ ಮೇಲೆ ಕೂತಳು. ಮತ್ತೆ ಏಳಲಿಲ್ಲ.

ಊರಿಗೆ ಸುದ್ದಿ ಮುಟ್ಟಿಸುವಾಗ ನೊಮಗುಗು ಅಮ್ಮ ತೀರಿಕೊಂಡದ್ದು ಉದ್ಯಾನದ ಬೆಂಚಿನ ಮೇಲೆ ಎಂದಳು. ಬಾಯಿಗೆ ಮೊದಲು ಬಂದದ್ದು ಅದು.

*

ಗುರುವಾರ ದೊಡ್ಡಪ್ಪ ಕೊಂಬೆ ಹಿಡಿದು ಬಂದರು. ನೊಮಗುಗು ಅವರನ್ನು ಬೆಂಚಿನ ಹತ್ತಿರ ಕರೆದೊಯ್ದಳು. ಅವರು ಟೋಪಿ ತೆಗೆದು, ಕೊಂಬೆಯನ್ನು ಬೆಂಚಿಗೆ ಮುಟ್ಟಿಸಿ, "ಮಾಸಿತೋಲೆ, ನಮ್ಮನ್ನ ಬಿಟ್ಟು ಹೋದದ್ದು ಇಲ್ಲಿ. ಏಳಮ್ಮ, ಮನೆಗೆ ಹೋಗೋಣ" ಎಂದು ಕರೆದರು.

ಊರಿಗೆ ಮರಳುವ ವ್ಯಾನಿನಲ್ಲಿ ಕೊಂಬೆಗೂ ಒಂದು ಸೀಟು ಹಿಡಿದರು. ಅಮ್ಮಂಗೆ ಕಿಟಕಿ ಪಕ್ಕ ಬೇಕಾ ತಾತ ಎಂದು ಚಾಲಕ ಕೇಳಿದ, ತಮಾಷೆಗಲ್ಲ. ಕೊಂಬೆ ಹೊತ್ತವರು ದಾರಿಯಲ್ಲಿ ಬೇರೆಯವರೊಡನೆ ಮಾತಾಡುವಂತಿಲ್ಲ; ದೊಡ್ಡಪ್ಪ ಹೌದೆಂದು ತಲೆಯಾಡಿಸಿದರು. ಆಮೇಲೆ ದಾರಿಯುದ್ದಕ್ಕೂ ಕೊಂಬೆಗೆ ಊರು ಊರು ತೋರಿಸುತ್ತಲೇ ಬಂದರು. ಇದು ಹ್ಯಾರಿಸ್ಮಿತ್ ಮಾಸಿತೋಲೆ, ಇಲ್ಲಿಂದ ಇಳಿಜಾರು. ಇದು ತುಕೇಲಾ ನದಿ, ದಾಟ್ತಾ ಇದೀವಿ, ಹೆದರಬೇಡ. ಹಿಂದಿನ ಸೀಟಿನಲ್ಲಿ ನೊಮಗುಗು ಎಲ್ಲವನ್ನೂ ಕೇಳಿಸಿಕೊಂಡಳು.

*

ಸಮಾಧಿಯ ಅಂಚಿನಲ್ಲಿ ಪ್ರಾರ್ಥನೆ ಮುಗಿದಿತ್ತು. ಪೆಟ್ಟಿಗೆ ಇಳಿಸಿದ್ದರು. ದೊಡ್ಡಪ್ಪ ಕೊಂಬೆ ಹಿಡಿದು ಅವಳ ಪಕ್ಕಕ್ಕೆ ಬಂದರು.

"ಕರ್ಕೊಂಡ್ ಬಂದೋರ ಕನಸಲ್ಲಿ ಸತ್ತೋರು ಕಾಣಿಸ್ಕೋಬೇಕು ಮಗಾ. ನಂಗೆ ಕಾಣಿಸ್ಲಿಲ್ಲ." ದನಿ ತಗ್ಗಿಸಿದರು. "ಜಾಗ ಅದೇ ತಾನೆ? ಬೇರೆ ಆಗಿದ್ರೆ ಈಗ್ಲೇ ಹೇಳು, ಇನ್ನೊಂದ್ಸಲ ಹೋಗ್ಬರ್ತೀನಿ. ಮಣ್ಣು ಬಿದ್ಮೇಲೆ ಕರೆಯೋಕಾಗಲ್ಲ."

ಅವರ ಕಾಲುಗಳು ಬಾತಿದ್ದವು. ಜಾಗ ತೋರಿಸಿದರೆ ಅವರೂ ಆ ಮೆಟ್ಟಿಲು ಹತ್ತುತ್ತಾರೆ; ಹತ್ತಿದ್ದನ್ನು ಊರಿಗೆ ಹೇಳಲೇಬೇಕಾಗುತ್ತದೆ. ಹಿಂದೆ ಮಾಕುಮಾಲೊ ಆಚೆ ಊರಿನವರೊಬ್ಬರಿಗೆ ಲಿಫ್ಟಿನ ಕತೆ ಪಿಸುಗುಡುತ್ತಿದ್ದಳು. ಗುಂಡಿ ಒತ್ತಿ ತೋರಿಸಿದ ಅವಳ ಬೆರಳು ಹಾಗೆಯೇ ಮೇಲಕ್ಕೆ ಹೋಯಿತು.

"ಅದೇ ಜಾಗ, ದೊಡ್ಡಪ್ಪ."

ಅವರು ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಮಂಡಿಯೂರಿ ಕೊಂಬೆಯನ್ನು ಒಳಗಿಟ್ಟರು. ಮನೆಗೆ ಬಂದೆ ಮಾಸಿತೋಲೆ, ಮಲಗು ಎಂದರು. ಗಂಡಸರು ಸಲಿಕೆ ತೆಗೆದುಕೊಂಡರು.

ಬಂದವರೆಲ್ಲ ಬಾಗಿಲಲ್ಲಿ ಕೈ ತೊಳೆದು ಊಟಕ್ಕೆ ಕೂತ ಮೇಲೆ ನೊಮಗುಗು ದನದ ಕೊಟ್ಟಿಗೆಯ ಹಿಂದೆ ಹೋದಳು. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಫೋನಿನ ನಕ್ಷೆಯಲ್ಲಿ ಉದ್ಯಾನದ ಬೆಂಚನ್ನು ಹುಡುಕಿ ಒಂದು ಗುರುತಿಟ್ಟಳು, ಅಮ್ಮ ಕೂತ ಮೆಟ್ಟಿಲಿರುವ ತನ್ನ ಕಟ್ಟಡದ ಮೇಲೆ ಇನ್ನೊಂದು. ನಡುವೆ ಒಂದು ನೀಲಿ ಗೆರೆ ಮೂಡಿತು. ಅದರ ಕೆಳಗೆ ದೂರ: ಆರುನೂರ ನಲವತ್ತು ಮೀಟರ್.