ಬಿಡದ ಪಟ್ಟು

ತುಮಕೂರಿನ ಮಗ್ಗುಲಿಗಿರುವ ಮರಳೂರಿನ ಹಾಸಿಗೆ ಅಂಗಡಿಯ ಮನ್ಸೂರ್ ಅಲಿ ಗುದ್ದುವುದರಲ್ಲಿ ಅಷ್ಟಕ್ಕಷ್ಟೇ. ಒದೆಯುವುದನ್ನಂತೂ ಕೇಳಲೇಬೇಡಿ. ಆದರೆ ಎದುರಾಳಿಯನ್ನು ಒಮ್ಮೆ ನೆಲಕ್ಕೆ ಕೆಡವಿದನೆಂದರೆ ಮುಗಿಯಿತು. ಅವನ ಎದೆಯ ಮೇಲೆ ಎರಡೂ ಕಾಲು ಹಾಕಿ, ಒಂದು ಕೈಯನ್ನು ತನ್ನ ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಮಣಿಕಟ್ಟು ಹಿಡಿದು ಹಿಂದಕ್ಕೆ ಒರಗುತ್ತಿದ್ದ. ಮೊಣಕೈ ಉಲ್ಟಾ ಬಾಗತೊಡಗಿದರೆ ಎಂಥ ಗಂಡುಗಲಿಯೂ ಇನ್ನೊಂದು ಕೈಯಿಂದ ಪಟಪಟ ತಟ್ಟಿ ಸೋಲೊಪ್ಪಲೇಬೇಕು. ತೊಂಬತ್ತರ ದಶಕದಲ್ಲಿ ‘ಫ್ರೀ ಫೈಟ್’ ಎಂದು ಪೋಸ್ಟರ್ ಅಂಟಿಸಿ ನಡೆಸುತ್ತಿದ್ದ ಪಂದ್ಯಗಳಲ್ಲಿ ಮನ್ಸೂರ್ ಹನ್ನೊಂದು ಗೆದ್ದಿದ್ದ, ಹನ್ನೊಂದೂ ಹೀಗೆಯೇ. ಒಬ್ಬನ ಮೂಳೆಯೂ ಮುರಿದಿರಲಿಲ್ಲ.

"ತಟ್ಟಿದ ತಕ್ಷಣ ಬಿಟ್ಬಿಡ್ಬೇಕು ಕಣ್ಲಾ. ರೆಫರಿ ನೋಡ್ಲಿ, ಬುಡ್ಲಿ" ಎನ್ನುತ್ತಿದ್ದರು ಅವನಿಗೆ ಪಟ್ಟು ಕಲಿಸಿದ ಕದರಯ್ಯ ಮೇಷ್ಟ್ರು. ಪೊಲೀಸಿನಲ್ಲಿ ಜೂಡೋ ಆಡಿ ರಿಟೈರಾದ ಮನುಷ್ಯ ಅವರು.

ಹಾಗೆ ಬಿಟ್ಟಿದ್ದಕ್ಕೇ ತೊಂಬತ್ತೆಂಟರಲ್ಲಿ ತುಮಕೂರಿನಲ್ಲಿ, ತನ್ನ ಊರಿನ ಜನರೆದುರೇ ಸೋತ. ಬೀರಯ್ಯ ಎಂಬವನು ತಟ್ಟಿದ, ಇವನು ಬಿಟ್ಟ, ಬೀರಯ್ಯ ಎದ್ದವನೇ ದವಡೆಗೆ ಗುದ್ದಿ ಮಲಗಿಸಿದ. ಆಮೇಲೆ "ನಾನೆಲ್ಲಿ ತಟ್ದೆ?" ಎಂದು ಆಣೆ ಬೇರೆ ಮಾಡಿದ. ತಟ್ಟಿದ್ದು ರೆಫರಿಗೆ ಕಂಡಿರಲಿಲ್ಲ. ದಿಂಬು ಕೊಳ್ಳಲು ಬಂದವರೂ "ಏನ್ ಸಾಬ್ರೆ, ಕೈಗೆ ಸಿಕ್ಕಿದ್ದನ್ನ ಬಿಟ್ಬಿಟ್ರಂತೆ" ಎಂದು ಚುಚ್ಚುವವರೇ. ಇನ್ನು ಮೇಲೆ ರೆಫರಿ ಬಂದು ಭುಜ ಮುಟ್ಟುವ ತನಕ ಬಿಡುವುದಿಲ್ಲ ಎಂದು ಮನ್ಸೂರ್ ತೀರ್ಮಾನಿಸಿದ.

ಎರಡು ಸಾವಿರದಲ್ಲಿ ಕುಣಿಗಲ್ಲಿನಲ್ಲಿ ಎದುರಿಗೆ ಬಂದವನು ಗುಬ್ಬಿಯ ಮಲ್ಲಿಕಾರ್ಜುನ್. ಇಪ್ಪತ್ತೆರಡರ ಪ್ರಾಯ, ತೆಂಗಿನಕಾಯಿ ಸುಲಿಯುವ ಕೆಲಸ. "ನಿಮ್ಮ ಪಟ್ಟು ನೋಡ್ಕೊಂಡೇ ಕಲ್ತಿದ್ದು ಮನ್ಸೂರಣ್ಣ" ಎಂದು ಪಂದ್ಯಕ್ಕೆ ಮೊದಲು ಕೈಮುಗಿದಿದ್ದ. ಎರಡನೇ ನಿಮಿಷಕ್ಕೆ ಅವನ ಬಲಗೈ ಸಿಕ್ಕಿತು. ಎಡಗೈಯಿಂದ ಮನ್ಸೂರನ ಮೀನಖಂಡಕ್ಕೆ ತಟ್ಟಿದ. ರೆಫರಿ ಹಗ್ಗದ ಹತ್ತಿರ ಯಾರಿಗೋ ಗದರುತ್ತಿದ್ದ. ಮತ್ತೆ ತಟ್ಟಿದ. ಮನ್ಸೂರನಿಗೆ ಚೆನ್ನಾಗಿಯೇ ತಿಳಿಯಿತು, ಆದರೆ ಬೀರಯ್ಯನ ಮುಖ ನೆನಪಾಗಿ ಹಿಡಿದೇ ಇದ್ದ. ಮೂರನೆಯ ಸಲ ತಟ್ಟುತ್ತಿದ್ದಂತೆ ಮೊಣಕೈ ಲಟಕ್ಕೆಂದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬೀರಯ್ಯನ ಸುಳ್ಳಿಗೆ ಈ ಪಾಪದವನ ಕೈ ಹೋಯಿತು.

"ಗಲಾಟೇಲಿ ತಟ್ಟಿದ್ದು ಗೊತ್ತಾಗ್ಲಿಲ್ಲ" ಎಂದುಬಿಟ್ಟ ಮನ್ಸೂರ್. ಎಲ್ಲರೂ ನಂಬಿದರು. ಅವನು ಮತ್ತೆ ಅಖಾಡಕ್ಕೆ ಇಳಿಯಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಕದರಯ್ಯ ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ಬಂದ ಹಳಬರು ಮನ್ಸೂರನ ಬೆನ್ನು ಸವರಿ, "ಮೇಷ್ಟ್ರ ಮಾತು ಮೀರದವ್ನು ಅಂದ್ರೆ ಇವ್ನೊಬ್ನೇ" ಎಂದು ಹೊಗಳಿದರು. ಆ ಹೊಗಳಿಕೆ ಅವನಿಗೆ ಅರಗಲಿಲ್ಲ. ಮಾರನೆಯ ದಿನವೇ ಗುಬ್ಬಿಯ ಬಸ್ಸು ಹತ್ತಿದ.

ಮಲ್ಲಿಕಾರ್ಜುನನಿಗೆ ಹೇಳತೀರದ ಸಂತೋಷ. ಕುರ್ಚಿ ಹಾಕಿ, ಹೆಂಡತಿ ಸುಮನಾಳನ್ನು ಕರೆದು ಕಾಫಿ ತರಿಸಿದ. ಬಲಗೈ ಅರ್ಧಕ್ಕೇ ಮಡಿಚಿಕೊಂಡಿತ್ತು. ಕಾಯಿ ಸುಲಿಯಲಾಗದೆ ಈಗ ಕೊಬ್ಬರಿ ಮಂಡಿಯಲ್ಲಿ ತೂಕ ಬರೆಯುತ್ತಾನಂತೆ.

"ಇವ್ರದೇನೂ ತಪ್ಪಿಲ್ಲ ಕಣೇ" ಎಂದ ಹೆಂಡತಿಗೆ. "ಅಷ್ಟು ಜನರ ಮುಂದೆ ಸೋತೆ ಅನ್ನೋಕೆ ನಂಗೇ ಜಂಬ ಅಡ್ಡ ಬಂತು. ಮೆತ್ತಗೆ ತಟ್ಟಿರ್ತೀನಿ. ಗಟ್ಟಿಯಾಗಿ ತಟ್ಟಿದ್ರೆ ಇವ್ರು ಬಿಡದೇ ಇರ್ತಿದ್ರಾ?"

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದು ಹೊರಟುಬಿಡಬಹುದಿತ್ತು. ಮನ್ಸೂರ್ ಲೋಟ ಕೆಳಗಿಟ್ಟ.

"ಮೆತ್ತಗಲ್ಲಪ್ಪ. ನೀನು ಗಟ್ಟಿಯಾಗೇ ತಟ್ಟಿದ್ದೆ, ಮೂರು ಸಲ. ನಂಗೆ ಗೊತ್ತಾಯ್ತು. ನಾನೇ ಬಿಡ್ಲಿಲ್ಲ."

ಸುಮನಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಲ್ಲಿಕಾರ್ಜುನ್ ಕೂಗಾಡಲಿಲ್ಲ. ಕೂಗಾಡಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಮನ್ಸೂರನಿಗೆ ಎಷ್ಟೋ ಹಗುರಾಗುತ್ತಿತ್ತು.

"ಕೈ ಹೋದ್ರೆ ಹೋಗ್ಲಿ ಬುಡಣ್ಣ, ಆಟದಲ್ಲಿ ಹೋಯ್ತದೆ" ಎಂದ. "ಆದ್ರೆ ಒಂಬತ್ತು ವರ್ಷ ನನ್ನನ್ನ ನಾನೇ ಬೈಕೊಂಡು ಬದುಕಿದೀನಿ. ನಮ್ಮಪ್ಪ ಸಾಯೋವಾಗ್ಲೂ, ನಿನ್ನ ಜಂಬಕ್ಕೇ ಕೈ ಕಳ್ಕೊಂಡೆ ಕಣೋ ಅಂತ ಅಂದೇ ಸತ್ತ. ಈ ಒಂದು ಮಾತು ಆವತ್ತೇ ಬಂದು ಹೇಳೋಕೆ, ತುಮಕೂರಿಂದ ಗುಬ್ಬಿ ಎಷ್ಟು ದೂರ ಅಣ್ಣ?"

ಇಪ್ಪತ್ತು ಕಿಲೋಮೀಟರ್, ಗಳಿಗೆಗೊಂದು ಬಸ್ಸು. ಮನ್ಸೂರನಿಗೆ ಗೊತ್ತಿತ್ತು.