ಮೂರನೇ ಸಾಲಿನ ನಾಯಿ

ನಮ್ಮ ನೆದರ್ ವಿಕ್‌ಬಿಯ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರುವ ಮೆತ್ತೆಗಳು ನಲವತ್ತೆರಡು. ಎಲ್ಲಕ್ಕೂ ಕಸೂತಿ ಹಾಕಿದವರು ಊರ ಹೆಂಗಸರೇ. ಈಗ ಊರಿನ ಪರಂಪರೆ ಉಳಿಸಲು ಒಂದು ಸಮಿತಿ ಹುಟ್ಟಿಕೊಂಡಿದೆ. ಅದು ಕೈಗೆತ್ತಿಕೊಂಡ ಮೊದಲ ಕೆಲಸವೆಂದರೆ ಮೂವತ್ತು ಮೆತ್ತೆಗಳನ್ನು ಎಸೆಯುವುದು. ಮಿಕ್ಕ ಹನ್ನೆರಡು ಗಾಜಿನ ಬೀರುವಿಗೆ.

ಸಮಿತಿಯ ಅಧ್ಯಕ್ಷೆ ಮಿಸ್ ಪೆಂಬರ್ಟನ್, ನಿವೃತ್ತ ಟೀಚರು. ನಾನು ಪಟ್ಟಿ ಬರೆಯುವವಳು. ಮೂರನೇ ಸಾಲಿನ ಮೆತ್ತೆಯನ್ನು ಅವರು ಎತ್ತಿ ಹಿಡಿದು, ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಥೆಲ್ಮಾ, ಏನ್ರೀ ಇದು? ನಾಯೀನಾ?"

"ಮೇವಿಸಮ್ಮ ಹಾಕಿದ್ದು," ಎಂದೆ. ಅದು ಉತ್ತರವಲ್ಲವೆಂದು ನನಗೂ ಗೊತ್ತಿತ್ತು.

"ಕುರಿಮರಿ ಆದ್ರೆ ದೇವರ ಗುರುತು, ಬೀರುಗೆ ಹೋಗ್ಲಿ. ನಾಯಿಗೆ ಚರ್ಚಲ್ಲೇನು ಕೆಲಸ? ಹೋಗಿ ಕೇಳ್ಕೊಂಡು ಬನ್ನಿ."

ಎಂಬತ್ತಾರರ ಮುದುಕಿಯನ್ನು 'ನೀವು ಹಾಕಿದ್ದು ಯಾವ ಪ್ರಾಣಿ' ಎಂದು ಕೇಳುವುದು ಹೇಗೆ? ಗಂಡ ವಿಲ್ಫ್ ತೀರಿಕೊಂಡ ಮೇಲೂ ಮೇವಿಸ್ ಪ್ರತಿ ಭಾನುವಾರ ಅದೇ ಮೆತ್ತೆಯ ಮೇಲೆ ಮೊಣಕಾಲೂರುತ್ತಾಳೆ. ಅದನ್ನು ಎಸೆದರೆ ಆಕೆಗೆ ಹೇಗಾದೀತೆಂದು ನೆನೆದೇ ನನಗೆ ಸಂಕಟವಾಯಿತು. ದಾರಿಯುದ್ದಕ್ಕೂ ನಯವಾದ ಮಾತು ಹೊಂದಿಸಿಕೊಂಡು ಹೋದೆ. ಆಕೆ ಬಾಗಿಲು ತೆಗೆದದ್ದೇ ಎಲ್ಲ ಮರೆತುಹೋಯಿತು.

"ಮೇವಿಸಮ್ಮ, ಮೆತ್ತೆ ಮೇಲಿರೋದು ಕುರಿಮರಿ ತಾನೇ?"

"ಮತ್ತಿನ್ನೇನು?" ಮೇವಿಸ್ ಚಹಾ ಬಗ್ಗಿಸುತ್ತಲೇ ಹೇಳಿದಳು. "ನಮ್ಮನೆ ಮರೀನ ಒಲೆ ಪಕ್ಕ ಕೂರಿಸ್ಕೊಂಡು, ನೋಡಿ ನೋಡಿ ಹಾಕಿದ್ದು."

ನನಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಗಾಜಿನ ಬೀರುಗೆ ಹೋಗುತ್ತೆ ಬಿಡಿ. ನಾಯಿ ಆಗಿದ್ರೆ ಎಸೀತಿದ್ರು."

ಆಕೆ ಕೆಟಲ್ ಕೆಳಗಿಟ್ಟಳು. "ಹಾಗಾದ್ರೆ ನಾಯಿ ಅಂತ್ಲೇ ಬರ್ಕೊ."

"ಅಯ್ಯೋ, ಯಾಕೆ?"

"ಚರ್ಚು ಅಂದ್ರೆ ಮಾರು ದೂರ ಓಡ್ತಿದ್ದ ನಮ್ಮ ವಿಲ್ಫ್. ಇದನ್ನ ನೋಡಿದ ದಿನ, 'ನಾಯಿ ಚೆನ್ನಾಗಿ ಬಂದಿದೆ ಕಣೇ' ಅಂದ. ಎಂಟು ದಿನ ಮಾತು ಬಿಟ್ಟಿದ್ದೆ. ಆದ್ರೆ ಆಮೇಲೆ ಮೂವತ್ತು ವರ್ಷ ಒಂದು ಭಾನುವಾರಾನೂ ತಪ್ಪಿಸ್ಲಿಲ್ಲ ಕಣೆ. ಮೊಣಕಾಲೂರಿದಾಗೆಲ್ಲ ನನಗಷ್ಟೇ ಕೇಳೋ ಹಾಗೆ ಬೌ ಅನ್ನೋನು. ಅದನ್ನ ಗಾಜಿನೊಳಗೆ ಇಟ್ಬಿಟ್ರೆ ನಾನು ಎಲ್ಲಿ ಮೊಣಕಾಲೂರ್ಲಿ?"

"ಎಸೆದುಬಿಡ್ತಾರೆ, ಮೇವಿಸಮ್ಮ."

"ಎಸೀಲಿ. ಎತ್ಕೊಂಡು ಬರೋಕೆ ನಂಗೆ ಕೈಯಿಲ್ವಾ?"

ಪಟ್ಟಿಯಲ್ಲಿ 'ನಾಯಿ' ಎಂದು ಬರೆದೆ. ಮಿಸ್ ಪೆಂಬರ್ಟನ್ ಗೆದ್ದವರಂತೆ ತಲೆಯಾಡಿಸಿದರು. ಮೆತ್ತೆ ಚರ್ಚಿನ ಹಿಂದಿನ ಕಸದ ಚೀಲ ಸೇರಿತು.

ಭಾನುವಾರ ಮೇವಿಸ್ ಅದನ್ನು ಕಂಕುಳಲ್ಲಿ ಅವಚಿಕೊಂಡು ಬಂದಳು. ಮೂರನೇ ಸಾಲಿನಲ್ಲಿ, ನನ್ನ ಪಕ್ಕದಲ್ಲೇ, ಹಾಸಿಕೊಂಡಳು. ಮಿಸ್ ಪೆಂಬರ್ಟನ್ ಎರಡು ಸಲ ತಿರುಗಿ ನೋಡಿ, ಪ್ರಾರ್ಥನೆ ಪುಸ್ತಕ ತೆರೆದರು. ಪಾದ್ರಿಗಳು ಪ್ರಾರ್ಥಿಸೋಣ ಎಂದರು. ಎಲ್ಲರೂ ಮೊಣಕಾಲೂರಿದೆವು.

ಪಕ್ಕದಿಂದ, ನನಗಷ್ಟೇ ಕೇಳುವಂತೆ, ಮೆಲ್ಲಗೆ ಬಂತು: "ಬೌ."