ಭಾವನ ಮೂಗು

ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಅಕ್ಕ ಎಲ್ಲರ ಮುಂದೆ ಹೇಳುತ್ತಾಳೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನಿಗೆ ಇನ್ನೆಲ್ಲಿರಬೇಕು? ಬ್ರೇಕ್ ಯಾವುದು, ಕ್ಲಚ್ ಯಾವುದು ಎಂದು ತಿಳಿಯದವರ ಕೈಯಲ್ಲಿ ಪ್ರಾಣ ಇಟ್ಟು ದಿನವಿಡೀ ಪಕ್ಕದ ಸೀಟಿನಲ್ಲಿ ಕೂರುವವನು ನಾನು. ನನ್ನ ಮೂಗಿನ ಉಪಯೋಗ ಅಷ್ಟಕ್ಕೇ ಮುಗಿಯಿತು. ನಮ್ಮ ಬಳಗದಲ್ಲಿ ನಿಜವಾದ ಮೂಗು ಇದ್ದದ್ದು ಅಕ್ಕನ ಗಂಡನಿಗೆ.

ಭಾವ ಸೋಪಿನ ಕಾರ್ಖಾನೆಯಲ್ಲಿ ವಾಸನೆ ನೋಡುವವರು. ಹೀಗೂ ಒಂದು ಕೆಲಸ ಇದೆ ಎಂದರೆ ಜನ ನಗುತ್ತಾರೆ. ಸುಗಂಧದ ಎಣ್ಣೆ ಡ್ರಮ್ಮುಗಳಲ್ಲಿ ಬಂದಾಗ ಅದರಲ್ಲಿ ಕಾಗದದ ಪಟ್ಟಿ ಅದ್ದಿ, ಮೂಗಿನ ಕೆಳಗೆ ಆಡಿಸಿ, ಇದು ಹೋಗಲಿ, ಇದು ಬೇಡ ಎನ್ನಬೇಕು. ಅವರು ಬೇಡ ಎಂದರೆ ಲಾರಿ ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು. ಕಾರ್ಖಾನೆಯಲ್ಲಿ ಅವರ ಹೆಸರು ಯಾರಿಗೂ ನೆನಪಿರಲಿಲ್ಲ, ಎಲ್ಲರಿಗೂ ಅವರು ಮೂಗಣ್ಣ. ಅವರಿರುವ ಮನೆಯಲ್ಲಿ ಶೂ ಬಿಚ್ಚುವುದಕ್ಕೂ ನಾನು ಹಿಂದೆಮುಂದೆ ನೋಡುತ್ತಿದ್ದೆ.

ಶನಿವಾರ ಸಂಜೆ ನಾವಿಬ್ಬರೂ ವಿಸ್ಕಿ ಇಟ್ಟುಕೊಂಡು ಕೂರುವುದು ರೂಢಿ. ಕುಡಿಯುವುದು ಎನ್ನುವ ಹಾಗಿಲ್ಲ, ಏಕೆಂದರೆ ಭಾವ ಕುಡಿಯಲು ಬಿಡುತ್ತಲೇ ಇರಲಿಲ್ಲ. ಒಂದು ಲೋಟದಲ್ಲಿ ಸ್ಕಾಚ್, ಇನ್ನೊಂದರಲ್ಲಿ ಐರಿಶ್, ನಡುವೆ ಅವರ ಪಾಠ. ಈ ಸ್ಕಾಚಿನ ಬಾರ್ಲಿಯನ್ನು ಜವುಗು ನೆಲದಿಂದ ಅಗೆದು ತೆಗೆದ ಹೆಂಟೆ ಸುಟ್ಟು, ಆ ಹೊಗೆಯಲ್ಲಿ ಒಣಗಿಸಿದ್ದಾರೆ, ಅದಕ್ಕೇ ಆರಿದ ಒಲೆಯ ವಾಸನೆ. ಈ ಐರಿಶ್‌ಗೆ ಹೊಗೆ ಸೋಕಿಸಿಲ್ಲ, ಮೂರು ಸಲ ಭಟ್ಟಿ ಇಳಿಸಿದ್ದಾರೆ, ಅದಕ್ಕೇ ನಯ, ಹಸಿರು ಸೇಬಿನ ವಾಸನೆ. ಬಾಯಿ ಸ್ವಲ್ಪ ತೆರೆದುಕೊಂಡು ಮೂಸು. ಈಗ ನಾಲ್ಕು ಹನಿ ನೀರು ಹಾಕಿ ಮೂಸು. ಇಷ್ಟೆಲ್ಲ ಆದ ಮೇಲೆ, ಹೇಗಿದೆ ಎಂದು ಕೇಳಿದರೆ ನನ್ನದು ಒಂದೇ ಉತ್ತರ, "ಎರಡೂ ಒಂದೇ ಭಾವ." ಹೊಗೆಯ ವಾಸನೆ ನನಗೆ ಗೊತ್ತಾಗುತ್ತಿರಲಿಲ್ಲ ಎಂದಲ್ಲ. ಅಷ್ಟು ಗೊತ್ತಾಗದವನು ಯಾರೂ ಇಲ್ಲ. ಅವರು ರೇಗುವುದನ್ನು ನೋಡಬೇಕು, ಅಷ್ಟೇ. ನಿನ್ನ ಮುಖದ ಮೇಲಿರುವುದು ಮೂಗಲ್ಲ, ಕನ್ನಡಕ ನಿಲ್ಲಿಸುವ ಗೂಟ ಎಂದು ಬೈದು, ಅಕ್ಕನನ್ನು ಕರೆದು ಸಾಕ್ಷಿ ಹೇಳಿಸುತ್ತಿದ್ದರು.

ಚಳಿಗಾಲದಲ್ಲಿ ಅವರಿಗೊಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹಾಲು ಉಕ್ಕಿ ಹೊತ್ತಿ ಮನೆಯೆಲ್ಲ ಸೀದ ವಾಸನೆ ತುಂಬಿದ್ದರೂ ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದರಂತೆ. ಅಕ್ಕ ಓಡಿ ಬಂದು ಪಾತ್ರೆ ಇಳಿಸಿದಾಗ ಅವರು ಪಾತ್ರೆ ನೋಡಲಿಲ್ಲ, ಅಕ್ಕನ ಮುಖ ನೋಡಿದರಂತೆ. ಡಾಕ್ಟರು, ವಾಸನೆ ಮರಳಬಹುದು, ಮರಳದೆಯೂ ಇರಬಹುದು, ದಿನಾ ಗಾಢವಾದದ್ದನ್ನು ಮೂಸಿ ಅಭ್ಯಾಸ ಮಾಡಿ ಎಂದರು. ಲವಂಗ, ನಿಂಬೆಸಿಪ್ಪೆ, ಕಾಫಿಪುಡಿ ಎಲ್ಲ ಆಯಿತು. ಎಲ್ಲದಕ್ಕೂ ಭಾವ ಗಾಳಿ ಎನ್ನುತ್ತಿದ್ದರು. ಊಟಕ್ಕೆ ಕೂತರೆ ಹತ್ತಿ ಜಗಿದಂತಿದೆ ಎಂದು ಅರ್ಧಕ್ಕೇ ಏಳುತ್ತಿದ್ದರು.

ಕಾರ್ಖಾನೆಯಲ್ಲಿ ಈ ವಿಷಯ ಬಾಯಿ ಬಿಡಲಿಲ್ಲ. ಪಟ್ಟಿ ಅದ್ದಿ, ಆಡಿಸಿ, ಎಣ್ಣೆಯ ಬಣ್ಣ ನೋಡಿ, ತಂದವನ ಮುಖ ನೋಡಿ ಅಂದಾಜಿನ ಮೇಲೆ ಹೋಗಲಿ ಎನ್ನುತ್ತ ಕಾಲ ತಳ್ಳಿದರು. ಎಷ್ಟು ದಿನ ನಡೆದೀತು? ಹಳಸಲು ವಾಸನೆಯ ಸೋಪು ಪೇಟೆಗೆ ಹೋಗಿ, ಅಂಗಡಿಯವರು ಬೈದು ವಾಪಸು ಕಳಿಸಿದರು. ಮ್ಯಾನೇಜರು ಕೆಟ್ಟವರಲ್ಲ. ಒಳಗೆ ಕರೆದು, ಗೋಡೌನಿನ ಮೇಲ್ವಿಚಾರಕನ ಕುರ್ಚಿ ಖಾಲಿ ಇದೆ, ಸಂಬಳ ಕಡಿಮೆ, ಆದರೆ ನಿವೃತ್ತಿಯವರೆಗೆ ಯಾರೂ ಏಳಿಸುವುದಿಲ್ಲ ಎಂದರು. ಅದು ಬೇಡವೆಂದರೆ ಸೋಮವಾರ ಎಲ್ಲರೆದುರು ಪಟ್ಟಿಗಳ ಪರೀಕ್ಷೆ. ಅದರಲ್ಲಿ ತಪ್ಪಿದರೆ ಮನೆಗೆ. ಶನಿವಾರ ಮಧ್ಯಾಹ್ನದೊಳಗೆ ತಿಳಿಸಬೇಕಿತ್ತು.

ಅಷ್ಟರಲ್ಲಿ ಮನೆಯಲ್ಲಿ ವಿಸ್ಕಿಯ ಅಭ್ಯಾಸ ಶುರುವಾಗಿ ಬಹಳ ದಿನಗಳಾಗಿದ್ದವು. ಈ ಎರಡರ ವ್ಯತ್ಯಾಸ ಹಿಡಿದರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ ಎಂದು ಭಾವನಿಗೆ ಹೊಳೆದಿತ್ತು. ಎರಡು ಹೊಸ ಬಾಟಲಿ ತಂದುಕೊಟ್ಟವನೂ ನಾನೇ. ಅಕ್ಕ ಅಡಿಗೆಮನೆಯಲ್ಲಿ ಎರಡು ಸ್ಟೀಲ್ ಲೋಟಗಳಿಗೆ ಸ್ವಲ್ಪ ಸ್ವಲ್ಪ ಹಾಕಿ ತರುತ್ತಿದ್ದಳು. ಗಾಜಿನ ಲೋಟವಾದರೆ ಬಣ್ಣವೇ ಚಾಡಿ ಹೇಳುತ್ತದೆ. ಭಾವ ಕಣ್ಣು ಮುಚ್ಚಿ ಮೂಸಿ, ತುಟಿ ಒದ್ದೆ ಮಾಡಿಕೊಂಡು, ಇದು ಸ್ಕಾಚ್, ಇದು ಐರಿಶ್ ಎನ್ನಬೇಕು. ಸರಿಯೋ ತಪ್ಪೋ ಎಂದು ಅಕ್ಕ ಹೇಳಬೇಕು. ಮೊದಮೊದಲು ಬರೀ ತಪ್ಪೇ. ಬರಬರುತ್ತ ತಪ್ಪು ಕಡಿಮೆಯಾಯಿತು. ಆಮೇಲೆ ವಾರಗಟ್ಟಲೆ ತಪ್ಪೇ ಇಲ್ಲ. ಭಾವ ದಿನಾ ಗಡ್ಡ ಬೋಳಿಸಲು ಶುರುಮಾಡಿದರು. ತಟ್ಟೆ ಖಾಲಿಯಾಗತೊಡಗಿತು. ನನಗೂ ಜೀವ ಬಂದಂತಾಯಿತು, ಸುಳ್ಳೇಕೆ ಹೇಳಲಿ.

ಆ ಶನಿವಾರ ಸಂಜೆ ನಾನು ಹೋದಾಗ ಭಾವ ಬಾಗಿಲಲ್ಲೇ ಕಾಯುತ್ತಿದ್ದರು. ಗೋಡೌನಿನ ಕುರ್ಚಿ ಬೇಡ ಎಂದು ಬೆಳಿಗ್ಗೆಯೇ ಹೇಳಿ ಬಂದಿದ್ದರು. ಮ್ಯಾನೇಜರು ಮತ್ತೊಮ್ಮೆ ಯೋಚಿಸಿ ಎಂದಾಗ, ಯೋಚಿಸುವುದೇನು ಸಾರ್, ಸೋಮವಾರ ಪಟ್ಟಿ ತನ್ನಿ ಎಂದು ಎದೆ ಸೆಟೆಸಿ ಬಂದರಂತೆ. ಅದನ್ನು ಅವರು ನಟಿಸಿ ತೋರಿಸುವಾಗಲೇ ಅಕ್ಕನಿಗೂ ವಿಷಯ ತಿಳಿದದ್ದು. ಅವಳು ಮಡಿಸುತ್ತಿದ್ದ ಟವೆಲನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಎದ್ದು ಒಳಗೆ ಹೋದಳು. ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಸ್ವಲ್ಪ ಹೊತ್ತಿನ ಮೇಲೆ ನೀರು ತರಲು ನಾನೂ ಒಳಗೆ ಹೋದೆ. ಕಟ್ಟೆಯ ಮೇಲೆ ಎರಡು ಸ್ಟೀಲ್ ಲೋಟ, ಪಕ್ಕದಲ್ಲಿ ಎರಡು ಬಾಟಲಿ. ಸ್ಕಾಚ್ ತಳ ಕಂಡಿತ್ತು. ಐರಿಶ್ ಬಾಟಲಿಯ ಮುಚ್ಚಳದ ಸೀಲನ್ನೇ ಒಡೆದಿರಲಿಲ್ಲ. ಅಷ್ಟು ದಿನದ ಅಭ್ಯಾಸದಲ್ಲಿ ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

ನಾನು ಏನೂ ಕೇಳುವ ಮೊದಲೇ ಅಕ್ಕ ಬಾಗಿಲು ಮುಂದೆ ಮಾಡಿದಳು. "ಸ್ಕಾಚಿಂದು ವಾಸನೆ ಜೋರಲ್ವೇನೋ. ಎರಡರಲ್ಲೂ ಅದೇ ಹಾಕಿದ್ರೆ ಒಂದಾದ್ರೂ ಮೂಗಿಗೆ ಮುಟ್ಟುತ್ತೇನೋ ಅಂತ" ಎಂದಳು. "ಮೊದಲು ದಿನಾ ತಪ್ಪು ಅಂತಿದ್ದೆ. ಅವ್ರು ಊಟಾನೇ ಬಿಟ್ರು. ಒಂದಿನ ಸರಿ ಅಂದೆ. ಅವತ್ತು ಕೂತು ತಟ್ಟೆ ತುಂಬಾ ಊಟ ಮಾಡಿದ್ರು ಕಣೋ."

ನನಗೆ ಸಿಟ್ಟು ನೆತ್ತಿಗೇರಿತು. ಅಯೋಗ್ಯಳೇ ಎಂದೂ ಅಂದುಬಿಟ್ಟೆ, ನನಗಿಂತ ದೊಡ್ಡವಳು ಎನ್ನುವುದನ್ನೂ ನೋಡದೆ. ಈಗಲೇ ಹೇಳು, ಮ್ಯಾನೇಜರಿಗೆ ಫೋನ್ ಮಾಡಿದರೆ ಕುರ್ಚಿ ಇನ್ನೂ ಸಿಕ್ಕೀತು ಎಂದೆ. ಹೇಳ್ತೀನಿ, ನಾನೇ ಹೇಳ್ತೀನಿ ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಹಾಗೆಂದವಳು ಆ ಎರಡು ಲೋಟಗಳನ್ನೇ ತಟ್ಟೆಯಲ್ಲಿಟ್ಟುಕೊಂಡು ಹೊರಗೆ ನಡೆದಳು.

ಭಾವ ಕಣ್ಣು ಮುಚ್ಚಿದರು. ಒಂದು ಲೋಟ ಮೂಸಿ ಸ್ಕಾಚ್ ಎಂದರು, ಹೊಗೆ ಹೊಗೆ ಎಂದು ತಲೆ ಕೊಡವಿದರು. ಇನ್ನೊಂದನ್ನು ಬಹಳ ಹೊತ್ತು ಮೂಗಿಗೆ ಹಿಡಿದು ಐರಿಶ್ ಎಂದರು. ಅಕ್ಕ ನನ್ನತ್ತ ನೋಡಲಿಲ್ಲ. "ಸರಿ" ಎಂದಳು.

ಭಾವ ತೊಡೆ ತಟ್ಟಿಕೊಂಡು ಎರಡೂ ಲೋಟಗಳನ್ನು ನನ್ನ ಕಡೆ ತಳ್ಳಿದರು. ನೀನೂ ಒಂದು ಸಲ ಮೂಸಿ ಹೇಳಪ್ಪ, ಹೇಗಿದೆ ಎಂದರು. ನಾನು ಮೂಸಿದೆ. ಎರಡರಲ್ಲೂ ಅದೇ ಆರಿದ ಒಲೆ.

"ಎರಡೂ ಒಂದೇ ಭಾವ" ಎಂದೆ.

ಅವರು ನಕ್ಕರು. ಆ ನಗು ಕೇಳಿ ತಿಂಗಳುಗಳೇ ಆಗಿದ್ದವು. ಗೂಟ ಕಣೇ ಇವನದು, ಗೂಟ ಎಂದು ಅಕ್ಕನಿಗೆ ಹೇಳಿ ಇನ್ನಷ್ಟು ನಕ್ಕರು. ತಮಾಷೆ ಅಲ್ಲ ಭಾವ, ನಿಜವಾಗಿಯೂ ಒಂದೇ ಎಂದೆ. ಅವರು ನನ್ನ ಬೆನ್ನು ತಟ್ಟಿದರು. ಇಷ್ಟು ವರ್ಷ ತಮಾಷೆಗೆ ಅದನ್ನೇ ಹೇಳಿದವನ ಮಾತು ಯಾರು ನಂಬುತ್ತಾರೆ? ನಾನು ಒಳಗೆ ಹೋಗಿ ಎರಡು ಬಾಟಲಿಗಳನ್ನೂ ತಂದು ಮೇಜಿನ ಮೇಲೆ ಇಟ್ಟೆ.

ಭಾವ ಸೀಲನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಬಾಟಲಿ ತಿರುಗಿಸಿ ಮತ್ತೆ ನೋಡಿದರು. ಅಕ್ಕ ಮುಖ ಮುಚ್ಚಿಕೊಂಡಳು. ಅವರು ಬೈಯಲಿಲ್ಲ. ಬೈದಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು.

ನಾನು ಫೋನ್ ಕೈಗೆ ಕೊಟ್ಟು ಮ್ಯಾನೇಜರ ಜೊತೆ ಮಾತಾಡಿ ಎಂದೆ. ಮಾತಾಡಿದರು. ಹೌದಾ ಸಾರ್ ಎಂದರು. ಇಲ್ಲ ಸಾರ್, ಸುಮ್ನೆ ಕೇಳ್ದೆ ಎಂದರು. ಒಳ್ಳೇದಾಯ್ತು ಸಾರ್, ಆ ಮನುಷ್ಯನೂ ಪಾಪ, ಮಕ್ಕಳೊಂದಿಗ ಎಂದರು. ಕುರ್ಚಿ ಮಧ್ಯಾಹ್ನವೇ ಇನ್ನೊಬ್ಬನದಾಗಿತ್ತು. ಫೋನ್ ಇಟ್ಟ ಮೇಲೆ ಅದನ್ನು ನಮಗೆ ಹೇಳುವ ಅಗತ್ಯವೂ ಇರಲಿಲ್ಲ.

ಅಕ್ಕ ಅಳುತ್ತಿದ್ದಳು. ತಪ್ಪಾಯ್ತು ರೀ ಎಂದಳು. ಅವರು ಅವಳ ಮೊಣಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಸೋಮವಾರ ಅಲ್ಲಿ ಸರಿ ಅನ್ನೋಕೆ ನೀನಿರಲ್ವಲ್ಲೇ" ಎಂದರು. ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ.

ನನಗೆ ಏನಾದರೂ ಹೇಳಲೇಬೇಕೆನಿಸಿತು. ಎರಡರಲ್ಲೂ ಸ್ಕಾಚೇ ಇದ್ದದ್ದಲ್ಲವೇ, ಹಾಗಾಗಿ ನೀವು ಸ್ಕಾಚ್ ಎಂದದ್ದು ಒಂದು ದಿನವೂ ತಪ್ಪಾಗಿಲ್ಲ ಭಾವ, ಅಷ್ಟು ಮಟ್ಟಿಗೆ ಮೂಗು ಬಂದಿರಲೂಬಹುದು ಎಂದೆ. ಹೇಳುವಾಗಲೇ ನನಗೇ ನಾಚಿಕೆಯಾಯಿತು.

ಭಾವ ಎರಡನೆಯ ಲೋಟವನ್ನು ಕೈಗೆತ್ತಿಕೊಂಡರು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದರು.

"ಐರಿಶ್ ಅಂತ ಸುಮ್ನೆ ಅಂದಾಜಿಗೆ ಹೇಳ್ತಿರಲಿಲ್ಲ ಕಣೋ" ಎಂದರು. "ದಿನಾ ನಂಗೆ ವಾಸನೆ ಬರ್ತಿತ್ತು. ಹಸಿರು ಸೇಬಿಂದು. ಈಗ್ಲೂ ಬರ್ತಾ ಇದೆ."